ನಸೀಮಾ ಮೇಡಂ ಮತ್ತು ನನ್ನ ಅರ್ಧ ತಾಸು

ಕರೆಂಟು ಹೋಗಬಹುದಿತ್ತು. ಮೈಕು ಕಿರುಚಬಹುದಿತ್ತು. ಸವದತ್ತಿ ಕಡೆಯ ಬಸ್ಸು ಕೆಟ್ಟು ಹುಡುಗರು ಬಾರದೇ ಹೋಗಬಹುದಿತ್ತು. ಅತಿಥಿಗಳು ನಿದ್ದೆ ಹೋಗಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಸೀಮಾ ಮೇಡಂ ಹೇಳುವುದು ಒಬ್ಬರಿಗೂ ತಿಳಿಯದೇ ಹೋಗಬಹುದಿತ್ತು. ಅವರ ನಿವೃತ್ತಿಯ ದಿನ ಬೆಳಗಿನಿಂದ ಇಷ್ಟನ್ನೂ ನಾನೊಬ್ಬನೇ ತಲೆಯ ಮೇಲೆ ಹೊತ್ತು ತಿರುಗುತ್ತಿದ್ದೆ. ಸ್ವಾಗತ ಭಾಷಣ ನನ್ನದಿತ್ತು.

ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ಅವರದು ಭೌತಶಾಸ್ತ್ರ, ನನ್ನದು ಇತಿಹಾಸ. ದಾರಿ ತೋರಿಸುವ ಉಪಗ್ರಹಗಳೆಂದರೆ ಅವರಿಗೆ ಹುಚ್ಚು. ಅಮೆರಿಕದ್ದು, ರಷ್ಯಾದ್ದು, ಯುರೋಪಿನದು, ನಮ್ಮದು ಎಂದು ಒಂದೊಂದು ಗುಂಪಿಗೂ ಅದರದೇ ವೇಳೆ. ಎಲ್ಲವನ್ನೂ ಕೂಡಿಸಿ ಬಳಸುವ ಮೊಬೈಲು ಆ ವೇಳೆಗಳನ್ನು ಹೊಂದಿಸಿಕೊಳ್ಳಬೇಕು. "ಸೆಕೆಂಡಿನ ಹತ್ತು ಲಕ್ಷದಾಗ ಒಂದು ಪಾಲು ತಪ್ಪಿದ್ರೂ ಮನೋಳಿ ಊರ ಹೊಲಾ ಮಲಪ್ರಭಾ ಹೊಳಿಯಾಗ ಕಾಣತೈತ್ರಿ ಸರ್ರ," ಎನ್ನುತ್ತಿದ್ದರು. ಇದು ಕನ್ನಡದಲ್ಲಿ ಹೇಳಲು ಬರುವ ಪಾಠವಲ್ಲ ಎಂದು ಪ್ರಾಚಾರ್ಯರು ಒಮ್ಮೆ ಅಂದುಬಿಟ್ಟಿದ್ದರು. ನಿವೃತ್ತಿಯ ದಿನ ಎಲ್ಲರೆದುರು ಮಾಡುವ ಕೊನೆಯ ಪಾಠ ಇದೇ, ಅದೂ ಕನ್ನಡದಲ್ಲೇ ಎಂದು ಮೇಡಂ ಹಟ ಹಿಡಿದರು.

ಅವರು ಯಾರನ್ನೂ ತಿದ್ದಲು ಹೋಗುತ್ತಿರಲಿಲ್ಲ. ಆಫೀಸಿನ ಗಡಿಯಾರ ಮುಂದೆ, ಲೈಬ್ರರಿಯದು ಹಿಂದೆ. "ಇರಲಿ ಬಿಡ್ರಿ. ಎಷ್ಟು ಫರಕ ಐತಿ ಗೊತ್ತಿದ್ರ ಸಾಕು." ಸದಾ ತಡವಾಗಿ ಬರುವ ಅಟೆಂಡರನನ್ನೂ ಬೈಯಲಿಲ್ಲ, ಅವನಿಗೆ ಮಾತ್ರ ಅರ್ಧ ತಾಸು ಮೊದಲಿನ ವೇಳೆ ಹೇಳುತ್ತಿದ್ದರು. ಪಾಪ, ಅವನಿಗೆ ಗೊತ್ತೇ ಇಲ್ಲ ಎಂದು ನಾನು ನಗುತ್ತಿದ್ದೆ.

ಆ ದಿನದ ಕಾರ್ಯಕ್ರಮ ಮೂರೂವರೆಗೆ ಎಂದು ಮೇಡಂ ನನಗೆ ಹೇಳಿದ್ದರು. ಚಿಂತೆಯ ಮನುಷ್ಯ ನಾನು, ಎಂದಿನಂತೆ ಅರ್ಧ ತಾಸು ಮೊದಲೇ ಮುಟ್ಟಲು ಹೊರಟೆ. ಹೆಂಡತಿ ತಡೆದಳು: "ಒಂದ ದಿನಾರ ಹೇಳಿದ ಹೊತ್ತಿಗೆ ಹೋಗ್ರಿ. ಲಗೂನ ಹೋಗಿ ಎಲ್ಲಾರ್ನೂ ಗಾಬರಿ ಮಾಡತೀರಿ." ಚಹಾ ಕುಡಿದು ಹೋದೆ.

ಸಭಾಂಗಣದಲ್ಲಿ ಪಾಠ ಆಗಲೇ ರಂಗೇರಿತ್ತು. ಚಚಡಿ ಹಳ್ಳಿಯ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು. "ಹಂಗಾದ್ರ ಯಾರ ಗಡಿಯಾರಾನೂ ತಿರುವೂದು ಬ್ಯಾಡ್ರಿ ಮೇಡಂ. ನಡುವಿನ ಫರಕ ಮೊಬೈಲಿಗೆ ತಿಳಿದ್ರ ಆತು!" ಮೊದಲು ಚಪ್ಪಾಳೆ ತಟ್ಟಿದವರು ಪ್ರಾಚಾರ್ಯರೇ. ನಾನೇ ಕಲಿಸಿದವನಂತೆ ನನ್ನ ಎದೆ ಉಬ್ಬಿತು.

ಮೇಡಂ ಬಾಗಿಲ ಕಡೆ ನೋಡಿದರು. "ಬರ್ರಿ ಸರ್ರ! ಮೂರಕ್ಕ ಚಾಲೂ ಆತು. ನೀವು ಅರ್ಧಾ ತಾಸು ಮುಂಚೇನ ಬರತೀರಂತ ನಿಮಗಷ್ಟ ಯಾವಾಗ್ಲೂ ಅರ್ಧಾ ತಾಸು ತಡಾ ಹೇಳತೇನಿ."

ಎಲ್ಲರಿಗಿಂತ ಜೋರಾಗಿ ನಕ್ಕವನು ಆ ಅಟೆಂಡರ್.

ಮೇಡಂ ಹುಡುಗರತ್ತ ತಿರುಗಿದರು. "ನೋಡ್ರಿ, ಫರಕ ಒಮ್ಮೆ ಅಳದು ಕುಂತ್ರ ಆಗೂದಿಲ್ಲ. ಅದೂ ಬದಲಾಗತಿರತೈತಿ. ದಿನಾ ಅಳೀಬೇಕು."

ಮರುವಾರ ಅವರು ರಾಮದುರ್ಗಕ್ಕೆ, ತಂಗಿಯ ಊರಿಗೆ ಹೋದರು. ಈಗ ನನ್ನ ಫರಕ ಅಳೆಯುವವರಿಲ್ಲ. ಎಲ್ಲೇ ಕಾರ್ಯಕ್ರಮವಿರಲಿ, ಬೀಗ ಹಾಕಿದ ಬಾಗಿಲ ಮುಂದೆ ನಾನೊಬ್ಬನೇ ನಿಂತಿರುತ್ತೇನೆ. ನಿಂತಲ್ಲೇ ಆ ದಿನವನ್ನು ನೆನೆಯುತ್ತೇನೆ. ಕರೆಂಟು ಹೋಗಲಿಲ್ಲ, ಮೈಕು ಕಿರುಚಲಿಲ್ಲ, ಹುಡುಗರೆಲ್ಲ ಬಂದರು, ಅತಿಥಿಗಳು ಕೊನೆಯವರೆಗೂ ಎಚ್ಚರವಾಗಿದ್ದರು. ಅವರನ್ನು ಸ್ವಾಗತಿಸಲು ಮಾತ್ರ ಯಾರೂ ಇರಲಿಲ್ಲ.