ಡಿಸ್ಕಿನಲ್ಲಿ ಉಳಿದ ಜಾಗ

ತೊಕ್ಕೊಟ್ಟಿನಲ್ಲಿ ನಮ್ಮ ನೆರೆಮನೆಯವರು ಗಲ್ಫಿನಲ್ಲಿದ್ದವರಿಗಾಗಿ ಮದುವೆಯ ವಿಡಿಯೋಗಳನ್ನು ಮನೆಯ ಕಂಪ್ಯೂಟರಿನಲ್ಲೇ ಡಿವಿಡಿಗೆ ಹಾಕಿಕೊಡುತ್ತಿದ್ದರು. ಆಗಷ್ಟೇ ಹೊರಬಂದ ಡಿಸ್ಕನ್ನು ಬಿಸಿ ದೋಸೆಯಂತೆ ಬೆರಳ ತುದಿಯಲ್ಲಿ ಎತ್ತಿ ಊದುತ್ತಿದ್ದರು. ಮದುವೆ ಮುಗಿದರೂ ಡಿಸ್ಕ್ ತುಂಬುವುದಿಲ್ಲವೆಂದಾದರೆ ಅವರಿಗೆ ಸಮಾಧಾನವೇ ಇಲ್ಲ.

"ಇನ್ನೂ ಜಾಗ ಉಂಟು ಮಾರಾಯ. ನೆರೆಮನೆಯ ಪಾತ್ರೆಯನ್ನು ಯಾರಾದ್ರೂ ಖಾಲಿ ವಾಪಸ್ ಕೊಡ್ತಾರಾ?" ಎನ್ನುತ್ತಾ ಕ್ಯಾಮೆರಾ ಹಿಡಿದು ಓಣಿಗೆ ಇಳಿಯುತ್ತಿದ್ದರು.

ತಂಗಿಯ ಮದುವೆಗೆ ನನಗೆ ರಜೆ ಸಿಗಲಿಲ್ಲ. ಸೌದಿಯ ದಮ್ಮಾಮಿನಲ್ಲಿ ನಾವು ಕೆಲಸಗಾರರು ಒಟ್ಟಿಗಿದ್ದ ಕೋಣೆಗೆ ಡಿಸ್ಕ್ ಬಂತು; ಊಟದ ಹೊತ್ತಿಗೆ ಟಿವಿಯಲ್ಲಿ ಹಾಕಿದೆವು. ತಂಗಿ ಕಾರು ಹತ್ತಿದ ಮೇಲೆ ಪರದೆ ಕಪ್ಪಾಯಿತು. ಮತ್ತೆ ಮೆಲ್ಲನೆ ನಮ್ಮ ಓಣಿ ತೆರೆದುಕೊಂಡಿತು. ಗೋಡೆಯ ಮೇಲೆ ತೆಂಗಿನ ಗರಿಯ ನೆರಳು ತೂಗುತ್ತಿತ್ತು. ಎಲ್ಲಿಂದಲೋ ಮೀನಿನವನ ಹಾರ್ನ್ ಕೇಳಿಸಿತು. ಕೋಣೆಯವರೆಲ್ಲ ಉಣ್ಣುವುದನ್ನು ಬಿಟ್ಟು ನೋಡಿದರು. ಗೇಟಿನ ಬಳಿ ನನ್ನ ಉಮ್ಮ ನಿಂತಿದ್ದರು.

"ಇದು ಅವನಿಗೆ ಕಾಣ್ತದಾ?" ಉಮ್ಮ ಕೇಳಿದರು.

"ಕಾಣ್ತದೆ. ಕೈ ಬೀಸಿ," ಎಂದಿತು ಕ್ಯಾಮೆರಾದ ಹಿಂದಿನಿಂದ ನೆರೆಮನೆಯವರ ಸ್ವರ.

ಉಮ್ಮ ತಲೆಯ ಸೆರಗು ಸರಿಮಾಡಿಕೊಂಡು ಕೈ ಬೀಸಿದರು. ಟಿವಿಯ ಮುಂದೆ ನಾನೂ ಎದ್ದು ನಿಂತು ಕೈ ಬೀಸಿದೆ. ತಿರುಗಿ ನೋಡಿದರೆ, ನನ್ನ ಹಿಂದೆ ಇಡೀ ಕೋಣೆ ಕೈ ಬೀಸುತ್ತಿತ್ತು.