ಕೊಡಿಗೇಹಳ್ಳಿಗೆ ಮಾತ್ರ ಬಿದ್ದ ಆಲಿಕಲ್ಲು

ಬೆಂಗಳೂರಿನ ಮಳೆಗೆ ಪಕ್ಷಪಾತ ಬಹಳ. ಆ ಬೇಸಿಗೆಯ ಸಂಜೆ ಕೊಡಿಗೇಹಳ್ಳಿಯ ನಮ್ಮ ರಸ್ತೆಯಲ್ಲಿ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಸುರಿಯಿತು. ಅದೇ ಹೊತ್ತಿಗೆ ಆರ್.ಟಿ. ನಗರದಲ್ಲಿ ಅಮ್ಮನ ಅಣ್ಣ, ಅಂದರೆ ನನ್ನ ಮಾವ, ತಾರಸಿಯ ಗಿಡಗಳಿಗೆ ಪೈಪು ಹಿಡಿದು ನೀರು ಹಾಕುತ್ತಿದ್ದರಂತೆ. ಮರುದಿನ ಅಮ್ಮ ಫೋನಿನಲ್ಲಿ ಆಲಿಕಲ್ಲಿನ ಸುದ್ದಿ ಹೇಳಿದಾಗ ಅವರು ನಕ್ಕು, ನಮ್ಮ ಕಡೆ ಒಂದು ಹನಿಯೂ ಇಲ್ಲ ಎಂದರು. ಆ ನಗು ಅಮ್ಮನಿಗೆ ತಾಗಿತು.

ತಾಗಲು ಕಾರಣವಿತ್ತು. ಅಮ್ಮ ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು, ತನ್ನ ಸಂಬಳದಲ್ಲೇ ಒಂದು ಬಿಳಿ ಕಾರು ಕೊಂಡಿದ್ದಳು. ಕಾರು ನೋಡಲು ಬಂದ ದಿನವೇ ಮಾವ, ತಿಂಗಳೊಳಗೆ ಇದರ ಮೈಯೆಲ್ಲ ಗಾಯವಾಗಿರುತ್ತದೆ ಎಂದು ಭವಿಷ್ಯ ನುಡಿದಿದ್ದರು. ತಿಂಗಳು ಇನ್ನೂ ತುಂಬಿರಲಿಲ್ಲ. ಭಾನುವಾರ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಇಡೀ ಬಳಗದ ಕಣ್ಣೆದುರು ತಾನೇ ಓಡಿಸಿಕೊಂಡು ಹೋಗಿ ಇಳಿಯಬೇಕೆಂಬುದು ಅಮ್ಮನ ಆಸೆ. ಈಗ ನೋಡಿದರೆ ಬಾನೆಟ್ಟು, ಟಾಪು ಎರಡೂ ಇಡ್ಲಿ ತಟ್ಟೆಯಂತಾಗಿದ್ದವು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ನಿದ್ದೆಗೆಡಿಸಿದ ನಾನು ನನ್ನ ವಾದ ಮಂಡಿಸಿದೆ. ಡೆಂಟುಗಳು ಹಾಗೆಯೇ ಇರಲಿ, ಅವೇ ನಮ್ಮ ಸಾಕ್ಷಿ. ಎಷ್ಟೇ ಕೆಟ್ಟ ಡ್ರೈವರಾದರೂ ಕಾರಿನ ಟಾಪನ್ನು ಒಯ್ದು ಯಾವ ಕಂಬಕ್ಕೆ ಗುದ್ದಬಲ್ಲ?

"ನಿಮ್ ಮಾವಂಗೆ ಬೇಕಾಗಿರೋದು ಪಾಯಿಂಟ್ ಅಲ್ಲ ಕಣೇ, ಡೆಂಟು," ಎಂದಳು ಅಮ್ಮ. "ಅದೊಂದು ಕಂಡ್ರೆ ಸಾಕು, ಮಿಕ್ಕಿದ ಕಥೇನ ಅವನೇ ಕಟ್ಕೋತಾನೆ."

ಅಪ್ಪ ಟಿಂಕರಿಂಗ್ ಅಂಗಡಿಗೆ ಬಿಡೋಣ ಎಂದರು. ಬಡಿದು, ತಗ್ಗಿಗೆ ಪುಟ್ಟಿಯ ಲೇಪ ಮೆತ್ತಿ, ಮೇಲೆ ಹೊಸ ಬಣ್ಣ. ಅಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. ಮಾವ ಮದುವೆಮನೆಗೆ ಹೋದರೂ ಮೊದಲು ಪಾರ್ಕಿಂಗಿನಲ್ಲಿ ಒಂದು ಸುತ್ತು ಹಾಕುವವರು. ಕಲ್ಲಂಗಡಿ ಆರಿಸುವವರ ಹಾಗೆ ಕಂಡವರ ಕಾರುಗಳನ್ನು ಬೆರಳ ಗಂಟಿನಿಂದ ತಟ್ಟಿ, ಸದ್ದು ಕೇಳಿ, ಇಲ್ಲಿ ಪುಟ್ಟಿ ಮೆತ್ತಿದ್ದಾರೆ ಎಂದು ತೀರ್ಪು ಕೊಡುತ್ತಾರೆ. ಹೊಸ ಬಣ್ಣವೆಂದರೆ ಅವರ ಪಾಲಿಗೆ ಅಪಘಾತದ ತಪ್ಪೊಪ್ಪಿಗೆ. ಹಾಗಾಗಿ ಬಣ್ಣ ಮುಟ್ಟದೆಯೇ ಡೆಂಟು ಹೋಗಬೇಕಿತ್ತು.

ಅಮ್ಮನ ಸಹೋದ್ಯೋಗಿಯೊಬ್ಬರು ಅಂಥ ಕೆಲಸ ಮಾಡುವ ಭಾಯ್ ಒಬ್ಬರನ್ನು ಹುಡುಕಿಕೊಟ್ಟರು. ಶುಕ್ರವಾರ ಬೆಳಿಗ್ಗೆ ಅವರು ತುದಿ ಬಾಗಿದ ಉದ್ದುದ್ದ ಸರಳುಗಳನ್ನೂ ಗೆರೆಗೆರೆಯ ಲೈಟೊಂದನ್ನೂ ತಂದರು. ಬಣ್ಣದ ಮೇಲೆ ಲೈಟಿನ ಗೆರೆ ಎಲ್ಲಿ ಸೊಟ್ಟಗಾಗುತ್ತದೋ ಅಲ್ಲಿ ಡೆಂಟು. ಒಳಗಿನಿಂದ ಸರಳು ತೂರಿಸಿ ಮೆಲ್ಲಗೆ ಒತ್ತುತ್ತಾ ಹೋದರೆ ಗೆರೆ ನೆಟ್ಟಗಾಗುತ್ತದೆ. ಬೆಂಗಳೂರಿನಲ್ಲಿ ಇದು ಬರುವುದು ತಮಗೊಬ್ಬರಿಗೇ ಎಂದು ಅವರು ಗೇಟಿನಲ್ಲಿ ಒಮ್ಮೆ, ಕಾರಿನ ಬಳಿ ಒಮ್ಮೆ ಹೇಳಿದರು. ಒಮ್ಮೆ ಹಿಗ್ಗಿದ ತಗಡು ವಾಪಸ್ಸು ಹೇಗೆ ಕುಗ್ಗುತ್ತದೆ, ಬಣ್ಣ ಬಿರುಕು ಬಿಡುವುದಿಲ್ಲ ಎನ್ನುವುದಕ್ಕೆ ಆಧಾರವೇನು ಎಂದು ನಾನು ಶುರುಮಾಡಿದೆ.

"ಮೇಡಂ, ನಿಮ್ ಮಗಳು ಲಾಯರಾ?"

"ಇನ್ನೂ ಇಲ್ಲ. ಮನೇಲಿ ಪ್ರಾಕ್ಟೀಸ್ ಮಾಡ್ತಿದಾಳೆ," ಎಂದಳು ಅಮ್ಮ.

ಭಾಯ್ ಮೇಣದ ಪೆನ್ಸಿಲಿನಿಂದ ಒಂದೊಂದು ಡೆಂಟಿನ ಸುತ್ತಲೂ ಕಪ್ಪು ವೃತ್ತ ಬರೆದು, ನಡುವೆ ಚುಕ್ಕಿಯಿಟ್ಟು, ಮಧ್ಯಾಹ್ನದ ನಮಾಜಿಗೆ ಹೋದರು. ಅಷ್ಟರಲ್ಲಿ ನನ್ನ ಅಜ್ಜಿ, ಅಪ್ಪನ ಅಮ್ಮ, ಊಟ ಮುಗಿಸಿ ಹೊರಗೆ ಬಂದಳು. ಬಿಳಿ ಕಾರಿನ ತುಂಬಾ ಕಪ್ಪು ವೃತ್ತ, ವೃತ್ತದೊಳಗೆ ಚುಕ್ಕಿ. ಅಜ್ಜಿ ಕಿರುಚಲಿಲ್ಲ, ಯಾರನ್ನೂ ಕರೆಯಲಿಲ್ಲ. ನಾನು ಹೋಗಿ ನೋಡುವಾಗ ಅರಿಶಿನದ ನೀರಿನಲ್ಲಿ ಬಾನೆಟ್ಟು ತಿಕ್ಕಿ ಮುಗಿಸಿ, ಚಕ್ರದಡಿಗೆ ನಿಂಬೆಹಣ್ಣಿನ ಹೋಳು ತಳ್ಳುತ್ತಿದ್ದಳು.

ಮಾಟ ಮಾಡಿಸಿದ್ದಾರೆ ಎಂದಳು. ಮಾಡಿಸಿದವರು ಯಾರೆಂಬುದೂ ಅವಳಿಗೆ ಗೊತ್ತಿತ್ತು: ಸೊಸೆಯ ಅಣ್ಣ. ಮಾಟ ಮಾಡುವವನು ಹಾಡಹಗಲೇ ಬೆಲ್ ಒತ್ತಿ, ತನ್ನ ಫೋನ್ ನಂಬರು ಕೊಟ್ಟು, ನಮಾಜು ಮುಗಿಸಿ ಬರುತ್ತೇನೆಂದು ಹೇಳಿ ಹೋಗುತ್ತಾನೆಯೇ ಎಂದು ಕೇಳಿದೆ.

"ಹಗಲು ಹೊತ್ತಲ್ಲಿ ಮಾಡಿದ್ರೆ ಯಾರಿಗೂ ಅನುಮಾನ ಬರಲ್ಲ ನೋಡು," ಎಂದಳು ಅಜ್ಜಿ. "ಅದಕ್ಕೇ."

ಸಾಕ್ಷಿಯ ಕೊರತೆಯನ್ನೇ ಸಾಕ್ಷಿ ಮಾಡಿಕೊಳ್ಳುವ ಎದುರಾಳಿ ನನಗೆ ಯಾವ ಅಂತರಕಾಲೇಜು ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ. ತೀರ್ಪುಗಾರರಿಲ್ಲದ ಕಡೆ ತರ್ಕಕ್ಕೆ ಎಷ್ಟು ಬೆಲೆಯೋ ಅಷ್ಟೇ ಬೆಲೆ ನನ್ನ ಮುಂದಿನ ಮಾತುಗಳಿಗೂ ಸಿಕ್ಕಿತು. ವಾಪಸ್ಸು ಬಂದ ಭಾಯ್ ಹಳದಿ ಕಾರನ್ನು ನೋಡಿದರು, ಅಜ್ಜಿಯನ್ನು ನೋಡಿದರು, ವಿಷಯ ಕೇಳಿಕೊಂಡರು.

"ಅಜ್ಜೀ, ಅದನ್ನ ತೆಗ್ಯೋಕೇ ನನ್ನ ಕರ್ಸಿರೋದು," ಎಂದರು.

ಅಜ್ಜಿ ತಕ್ಷಣ ಅವರಿಗೊಂದು ಮಣೆ ತಂದುಕೊಟ್ಟಳು. ಇದು ಶುದ್ಧ ಸುಳ್ಳು, ಒಂದು ಮೂಢನಂಬಿಕೆಗೆ ಇನ್ನೊಂದರ ಆಸರೆ ಎಂದು ನಾನು ಹೇಳಹೊರಟರೆ ಅಮ್ಮ ಬಕೆಟ್ಟನ್ನು ನನ್ನ ಕೈಗಿಟ್ಟಳು. ಕಾರು ತೊಳೆದೆ. ಭಾಯ್ ಮತ್ತೆ ವೃತ್ತ ಬರೆದು ಕೆಲಸಕ್ಕೆ ಕೂತರು. ಸಂಜೆಯ ಹೊತ್ತಿಗೆ ಗೆರೆಗಳೆಲ್ಲ ನೆಟ್ಟಗಾಗಿದ್ದವು, ಟಾಪಿನ ಅಂಚಿನದೊಂದನ್ನು ಬಿಟ್ಟು. ಅಲ್ಲಿಗೆ ಸರಳು ಹೋಗುತ್ತಿರಲಿಲ್ಲ. ಅದು ಕಂಪನಿಯಿಂದಲೇ ಬಂದಿರುವುದು ಎಂದು ಭಾಯ್ ಗಂಭೀರವಾಗಿ ಹೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಒಪ್ಪಿಕೊಂಡುಬಿಟ್ಟಳು.

ಭಾನುವಾರ ಪ್ರಸಾದ ಹಂಚುತ್ತಿದ್ದಾಗ ಮಾವ ಹೊರಗೆ ಬಂದರು. ಕಾರನ್ನು ಒಂದು ಸುತ್ತು ಹಾಕಿದರು. ಬಾಗಿಲು ತಟ್ಟಿದರು, ಬಾನೆಟ್ಟು ತಟ್ಟಿದರು, ತುದಿಗಾಲಲ್ಲಿ ನಿಂತು ಟಾಪನ್ನೂ ತಟ್ಟಿದರು. ಅಂಚಿನ ಆ ಒಂದು ಡೆಂಟು ಅವರ ಕಣ್ಣಿಗೆ ಬೀಳಲಿಲ್ಲ. ಮನೆಬಾಗಿಲಲ್ಲಿ ನಿಂತಿದ್ದ ಅಮ್ಮನ ಸಜ್ಜಿಗೆಯ ಚಮಚ ಬಾಯಿಯ ಹತ್ತಿರವೇ ನಿಂತಿತ್ತು. ಎಲ್ಲ ಕಡೆಯೂ ಒಂದೇ ಸದ್ದು.

"ಆಲಿಕಲ್ಲು ಅಂತ ಏನೋ ಹೇಳ್ತಿದ್ದೆ," ಎಂದರು ಮಾವ. "ಬರೀ ಬುರುಡೆ."

ನನ್ನ ಫೋನಿನಲ್ಲಿ ವಿಡಿಯೋ ಇತ್ತು. ಆಲಿಕಲ್ಲು, ಇಡ್ಲಿ ತಟ್ಟೆ, ಎಲ್ಲವೂ. ಇಷ್ಟು ಗಟ್ಟಿ ಸಾಕ್ಷಿ ಹಿಡಿದು ನಾನು ಯಾವತ್ತೂ ವೇದಿಕೆ ಹತ್ತಿದವಳಲ್ಲ. ಅಮ್ಮ ನನ್ನ ಕಡೆ ಒಂದೇ ಸಲ ನೋಡಿದಳು. ಫೋನನ್ನು ಒಳಗಿಟ್ಟೆ.

"ಹೂಂ ಅಣ್ಣ, ಬರೀ ಜೋರು ಮಳೆ ಅಷ್ಟೇ," ಎಂದಳು ಅವಳು.

ಪುರೋಹಿತರನ್ನು ಹೆಬ್ಬಾಳಕ್ಕೆ ಬಿಡಬೇಕಿತ್ತು, ಮಾವನ ಕಾರು ನೆಂಟರ ಗಾಡಿಗಳ ಹಿಂದೆ ಸಿಕ್ಕಿಕೊಂಡಿತ್ತು. ಅವರು ರಸ್ತೆಯ ಆ ಕಡೆ ನೋಡುತ್ತಾ, ನೀನೇ ಬಿಟ್ಟು ಬರ್ತೀಯಾ ಎಂದು ಅಮ್ಮನನ್ನು ಕೇಳಿದರು. ಅಮ್ಮ ಸಜ್ಜಿಗೆಯ ದೊನ್ನೆಯನ್ನು ನನಗೆ ಕೊಟ್ಟು ಕೀಲಿ ತೆಗೆದಳು. ಪುರೋಹಿತರು ಹಿಂದೆ ಕೂತರು. ದಾರಿ ತೋರಿಸುವ ನೆಪದಲ್ಲಿ ಮಾವ ಮುಂದೆ ಕೂತು, ಗಾಡಿ ಇನ್ನೂ ಸ್ಟಾರ್ಟ್ ಆಗುವ ಮೊದಲೇ ತಲೆಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದರು.

ಅಮ್ಮನಿಗೆ ಅವಸರವೇನೂ ಇರಲಿಲ್ಲ. ಕನ್ನಡಿ ಸರಿಮಾಡಿಕೊಂಡು ಕಾದಳು.

"ಬೆಲ್ಟ್ ಹಾಕ್ಕೋ ಅಣ್ಣ," ಎಂದಳು.