ಅಂಡಮಾನಿಗೆ ಎರಡು ಟಿಕೆಟ್

ಗೆಳೆಯರೇ, ಮದುವೆಯಾದಾಗಿನಿಂದ ನಾವಿಬ್ಬರೇ ಎಲ್ಲಿಗೂ ಹೋಗಿಲ್ಲ ಎಂಬುದು ನನ್ನ ಹೆಂಡತಿಯ ತಕರಾರು. ಇಂದು ಅಂಡಮಾನಿಗೆ ಟಿಕೆಟ್ ಮಾಡಿಸಲು ಬನಹಟ್ಟಿಯ ಟ್ರಾವೆಲ್ಸ್ ಕಚೇರಿಗೆ ಹೋದೆವು. ಬಾಗಿಲಲ್ಲೇ ನಮ್ಮ ಕಾಕಾ ಸಿಕ್ಕರು.

“ಎಲ್ಲಿಗಿ ಹೊಂಟೀರಪಾ?”

“ಅಂಡಮಾನಕ್ಕ, ಕಾಕಾ. ನೀವೂ ಬರ್ರಲಾ,” ಎಂದೆ ನಾನು.

ಹೀಗೆ ಕರೆಯುವುದು ನಮ್ಮಲ್ಲಿ ರೂಢಿ, ಯಾರೂ ಬರುವುದಿಲ್ಲ. ಕಾಕಾ ಒಳಗೆ ಬಂದು ಕುರ್ಚಿ ಎಳೆದುಕೊಂಡರು.

“ಛಲೋ ಆತು. ನಿಮ್ಮ ಕಾಕೂನೂ ಸಮುದ್ರ ನೋಡಿಲ್ಲ. ನಾಕೂ ಮಂದಿಗೆ ಒಂದ ದೊಡ್ಡ ರೂಮ್ ಸಾಕು.”

ನಾನು ತಲೆಯಾಡಿಸಿದೆ. ಹೆಂಡತಿ ಏಜೆಂಟನ ಕಡೆ ತಿರುಗಿದಳು.

“ಎರಡ ಟಿಕೆಟ್ ಮಾಡ್ರಿ. ನಾನೂ ಕಾಕೂನೂ ಹೋಗಿ ಬರ್ತೇವಿ.”

ಕಾಕಾ ನನ್ನ ಮುಖ ನೋಡಿದರು. ಅಷ್ಟರಲ್ಲಿ ಏಜೆಂಟ್ ಹೆಂಡತಿ ಹೇಳಿದ ಎರಡೂ ಹೆಸರನ್ನು ಹಾಕಿಯೂ ಬಿಟ್ಟಿದ್ದ.

ಅಲ್ಲಿಂದ ನಮಗೆ ಫೋಟೊ ಕಳಿಸುವುದಾಗಿ ಹೆಂಡತಿ ಹೇಳಿದ್ದಾಳೆ.